ಉಪ್ಪಿಗೆ ಕಿವಿ ಮೂಡಿದ ವರ್ಷ

ಗೋಡೆಗೂ ಕಿವಿ ಇರುತ್ತದೆ ಎಂದು ಹಿರಿಯರು ಹೇಳಿಟ್ಟಿದ್ದರು. ನೆಲಕ್ಕೂ ಕಿವಿ ಮೂಡಬಹುದು ಎಂದು ಮಾತ್ರ ಯಾರೂ ಎಚ್ಚರಿಸಿರಲಿಲ್ಲ. ಯುದ್ಧದ ಎರಡನೆಯ ಬೇಸಿಗೆಯಲ್ಲಿ ಅದೂ ಆಯಿತು. ಗಡಿಯ ಉಪ್ಪಿನ ಬಯಲಿನ ಉದ್ದಗಲಕ್ಕೂ ಶತ್ರುಗಳು ಕಡಲೆಕಾಳಿನ ಗಾತ್ರದ ಬೂದು ಬೀಜಗಳನ್ನು ಚೆಲ್ಲಿ ಹೋಗಿದ್ದರು. ನಮ್ಮವರು ಮೊದಲು ಅವನ್ನು ಕುರಿಹಿಕ್ಕೆ ಎಂದುಕೊಂಡರಂತೆ. ಆಮೇಲೆ ಬಯಲಿಗೆ ಇಳಿದ ಮೊದಲ ಲಾರಿ ಅರ್ಧ ದಾರಿಯನ್ನೂ ಮುಟ್ಟಿರಲಿಲ್ಲ, ಗುಡ್ಡದಾಚೆಯಿಂದ ಹಾರಿಬಂದ ಶೆಲ್ಲು ಸರಿಯಾಗಿ ಅದರ ನೆತ್ತಿಯ ಮೇಲೇ ಬಿತ್ತು. ಎರಡನೆಯ ಲಾರಿಗೂ ಹಾಗೇ ಆಯಿತು.

ನಾನು ನೀಲಗಂಗಾ, ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಹುಟ್ಟಿ ಬೆಳೆದವಳು. ಶಬ್ದವಿಜ್ಞಾನ ಓದಿದ್ದೇನೆ ಎಂಬ ಒಂದೇ ಕಾರಣಕ್ಕೆ ಸೈನ್ಯದವರು ನನ್ನನ್ನು ಆ ಬಯಲಿನ ಅಂಚಿಗೆ ಕರೆತಂದು, ಒಂದು ತಗಡಿನ ಶೆಡ್ಡು ಕೊಟ್ಟು, ಗಾಜಿನ ಭರಣಿಯೊಂದನ್ನು ಮುಂದಿಟ್ಟರು. ಭರಣಿಯ ತುಂಬ ಆರಿಸಿ ತಂದ ಬೀಜಗಳು. "ಇವು ಏನನ್ನು ಕೇಳುತ್ತವೆ, ಕಂಡುಹಿಡಿಯಿರಿ" ಎಂದರು.

ಕಂಡುಹಿಡಿದೆ. ಉಪ್ಪಿನ ದೊಡ್ಡ ಹಲಗೆಯನ್ನು ಮೇಜಿನ ಮೇಲಿಟ್ಟು, ಅದರ ಮೇಲೆ ಬೀಜಗಳನ್ನು ಹರಡಿ, ಅವುಗಳ ಮಿಡಿತಕ್ಕೆ ಮೀಟರಿನ ಮುಳ್ಳೊಂದನ್ನು ಜೋಡಿಸಿದೆ. ಹಲಗೆಯನ್ನು ಹೇಗೆ ಕುಟ್ಟಿದರೂ ಉಜ್ಜಿದರೂ ಮುಳ್ಳು ಮಲಗಿಯೇ ಇತ್ತು. ಒಂದೇ ಸಮನೆ ಟಕ್ ಟಕ್ ಟಕ್ ಎಂದು ಬಡಿದಾಗ ಮಾತ್ರ ಎದ್ದು ಕುಣಿಯಿತು. ಅವು ಸದ್ದನ್ನಲ್ಲ, ಲಯವನ್ನು ಕೇಳುತ್ತಿದ್ದವು! ಎಂಜಿನ್ನು, ಹೆಲಿಕಾಪ್ಟರು, ಸೈನಿಕರ ಕವಾಯತು, ಎಲ್ಲದರಲ್ಲೂ ಮರಳಿ ಮರಳಿ ಬರುವ ಪೆಟ್ಟೊಂದು ಇರುತ್ತದೆ. ಅದು ಸಿಕ್ಕ ತಕ್ಷಣ ಒಂದು ಬೀಜ ಪಕ್ಕದ ಬೀಜಕ್ಕೆ ಹೇಳುತ್ತದೆ, ಅದು ಮತ್ತೊಂದಕ್ಕೆ, ಕೊನೆಗೆ ಗುಡ್ಡದಾಚೆಯ ಫಿರಂಗಿಗೆ. ಬಯಲಿನಲ್ಲಿ ಮೇಯುವ ಕಾಡುಕತ್ತೆಗಳ ಹಿಂಡನ್ನು ಅವು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಹಿಂಡಿನಲ್ಲಿ ಒಂದು ನಿಲ್ಲುತ್ತದೆ, ಒಂದು ಒದೆಯುತ್ತದೆ, ಇನ್ನೊಂದು ಕಾರಣವಿಲ್ಲದೆ ಓಡುತ್ತದೆ. ಮನುಷ್ಯನ ಕೆಲಸಕ್ಕೆಲ್ಲ ಒಂದು ಲಯ ಇರುತ್ತದೆ, ಕತ್ತೆಯ ಕೆಲಸಕ್ಕೆ ಇರುವುದಿಲ್ಲ.

ಬಯಲಿನ ನಡುವೆ ಸೂರಬೇಟ್ ಎಂಬ ದಿಬ್ಬವಿತ್ತು. ಅಲ್ಲಿ ನಮ್ಮ ಸೈನಿಕರು, ಉಪ್ಪು ಬೆಳೆಯುವವರ ಸಂಸಾರಗಳು, ಒಂದು ಆಸ್ಪತ್ರೆ. ಅವರಿಗೆ ಕುಡಿಯುವ ನೀರು ಮಾಡಿಕೊಡುತ್ತಿದ್ದ ಯಂತ್ರ ಶೆಲ್ಲಿಗೆ ಸಿಕ್ಕಿ ಚೂರಾಗಿತ್ತು. ಸುತ್ತ ಎಲ್ಲಿ ತೋಡಿದರೂ ಉಪ್ಪುನೀರೇ. ಒಂಟೆಗಳ ಮೇಲೆ ನೀರು ಕಳಿಸಿ ನೋಡಿದರು. ಒಂಟೆಯ ನಡಿಗೆಯಷ್ಟು ಹದವಾದ ಲಯ ಇನ್ನೊಂದಿಲ್ಲ, ಪಾಪ ಆ ಮೂಕ ಪ್ರಾಣಿಗಳೂ ಸತ್ತವು. ಆಕಾಶವಂತೂ ಎರಡೂ ಕಡೆಯವರಿಗೆ ಮುಚ್ಚಿಹೋಗಿತ್ತು. ಯಾರು ಏನು ಹಾರಿಸಿದರೂ ಇನ್ನೊಬ್ಬರ ಅಲೆಗಳು ಅದರ ತಲೆ ಕೆಡಿಸಿ ಕೆಡವುತ್ತಿದ್ದವು.

ಆಗ ನಮ್ಮ ಮೇಜರ್ ಸೆರಾವೊ ಅವರು ಶೆಡ್ಡಿಗೆ ಬಂದು ಕೇಳಿದರು. ಮಂಗಳೂರಿನ ಮನುಷ್ಯ, ಉತ್ಸಾಹ ಬಂದಾಗ ಮಾತು ಇನ್ನೂ ಜೋರು. "ಅಲ್ಲ ಮಾರಾಯ್ತಿ, ಕತ್ತೆ ಹಿಂಡಿನ ಹಾಗೆ ಸದ್ದು ಮಾಡುವ ಒಂದು ರೈಲು ಕಟ್ಟಿದರೆ ಹೇಗೆ?"

ಯಾಕಾಗಬಾರದು?

ನೂರು ವರ್ಷಕ್ಕೂ ಹಿಂದಿನ ಮಹಾಯುದ್ಧದಲ್ಲಿ ಕಂದಕಗಳವರೆಗೆ ಮದ್ದುಗುಂಡು ಸಾಗಿಸಲು ಪುಟ್ಟ ಹಳಿ ಹಾಕುತ್ತಿದ್ದರು. ಎರಡು ಹಳಿಗಳ ನಡುವೆ ಮೊಳಕ್ಕಿಂತ ತುಸು ಹೆಚ್ಚು ಅಂತರ, ಅಷ್ಟೇ. ಹಳಿಯನ್ನೂ ಅಡಿಪಟ್ಟಿಯನ್ನೂ ಮೊದಲೇ ಜೋಡಿಸಿ ಏಣಿಯಂಥ ತುಂಡುಗಳನ್ನು ಮಾಡಿಟ್ಟುಕೊಳ್ಳುವುದು, ಹೊತ್ತು ತಂದು ಒಂದರ ಮುಂದೊಂದು ಮಲಗಿಸಿ ಕೊಕ್ಕೆ ಹಾಕುವುದು. ಲಾರಿಯ ಗಾಲಿ ಹೂತುಹೋಗುವ ಉಪ್ಪಿನ ಮೇಲೂ ಈ ಏಣಿ ತೇಲಿಕೊಂಡು ನಿಲ್ಲುತ್ತದೆ. ಬ್ಯಾಟರಿ ಎಂಜಿನ್ನನ್ನು ಮೆತ್ತನೆಯ ಸ್ಪ್ರಿಂಗುಗಳ ಮೇಲೆ ಕೂರಿಸಿದರೆ ಅದರ ಗುಂಯ್ ಎನ್ನುವ ಸದ್ದು ನೆಲಕ್ಕೆ ಇಳಿಯುವುದಿಲ್ಲ. ಉಳಿಯುವುದು ಒಂದೇ ಪೀಡೆ, ಹಳಿಯ ಕೀಲು. ಪ್ರತಿ ಕೀಲಿನಲ್ಲೂ ಗಾಲಿ ಟಕ್ ಎನ್ನುತ್ತದೆ. ಬೆಸುಗೆ ಹಾಕಿ ಕೀಲನ್ನೇ ತೆಗೆಯೋಣವೆಂದರೆ ಬೆಸುಗೆಯ ಯಂತ್ರದ ಸದ್ದಿಗೇ ಶೆಲ್ಲು ಬೀಳುತ್ತದೆ. ಆದ್ದರಿಂದ ಉದ್ದ, ನಡು, ಗಿಡ್ಡ ಎಂದು ಮೂರು ಅಳತೆಯ ತುಂಡುಗಳನ್ನು ಮಾಡಿಸಿ, ಯಾವುದರ ಹಿಂದೆ ಯಾವುದು ಎಂಬುದನ್ನು ನನ್ನ ಕಂಪ್ಯೂಟರಿನಿಂದ ಕಲಸಿಸಿದೆ. ಪ್ರತಿ ತುಂಡಿನ ಮೇಲೂ ಅದರ ಸರದಿಯ ಸಂಖ್ಯೆ ಬರೆಸಿದೆ. ಆ ಗೊಂದಲದ ಮೇಲೆ ಗಾಡಿ ಓಡಿದರೆ ಉಪ್ಪಿಗೆ ಕೇಳುವುದು ಕತ್ತೆಗಳ ಹಿಂಡು. ಮೊದಲ ದಿನದಿಂದಲೇ ಎಲ್ಲರ ಬಾಯಲ್ಲೂ ಅದು ಕತ್ತೆಗಾಡಿ ಆಯಿತು.

ಹಳಿ ಹಾಕಲು ಹುಬ್ಬಳ್ಳಿಯಿಂದ ರೈಲ್ವೆ ಗ್ಯಾಂಗು ಬಂತು. ಅದರ ಮುಖಂಡ ದಾವಲಸಾಬ ಮೇಟ್, ಬಿಳಿ ಗಡ್ಡದ, ಕಂಚಿನ ಕಂಠದ ಮನುಷ್ಯ. ಗ್ಯಾಂಗಿನ ಅರ್ಧ ಜನ ಅವನ ಭಜನಾಮೇಳದವರೇ. ಗಾಡಿ ಓಡಿಸಲು ಬಂದವಳು ಕಲ್ಲವ್ವ. ಜೀವಮಾನವೆಲ್ಲ ಗೂಡ್ಸ್ ರೈಲು ಓಡಿಸಿ ನಿವೃತ್ತಳಾದವಳು, ತಾನಾಗಿಯೇ ಹೆಸರು ಕೊಟ್ಟು ಬಂದವಳು. ಕಲ್ಲವ್ವ ನನ್ನ ಅವ್ವ.

ಅವ್ವನ ಹಿಂದೆಯೇ ಅಪ್ಪನೂ ಹೊರಟು ಬಂದ. ನನ್ನ ಅಪ್ಪ ಗುರುಸಿದ್ದಪ್ಪ ಮಾಸ್ತರ ತಬಲಾ ಕಲಿಸುವವನು. ಅವನ ಕೈ ನಿದ್ದೆಯಲ್ಲೂ ತಾಳ ತಪ್ಪುವುದಿಲ್ಲ. "ನಾ ಬರದಿದ್ರ ಆಕಿಗೆ ರೊಟ್ಟಿ ಬಡದ ಕೊಡಾವ್ರು ಯಾರ?" ಎಂದು ಕೇಳಿ, ಜೋಳದ ಹಿಟ್ಟಿನ ಚೀಲದೊಂದಿಗೆ ಸೈನ್ಯದ ಗಾಡಿ ಹತ್ತಿದ್ದ. ಹೀಗೆ ಉಪ್ಪಿನ ಅಂಚಿನ ಗಟ್ಟಿ ನೆಲದ ಮೇಲೆ ತಗಡಿನ ಶೆಡ್ಡುಗಳ ಒಂದು ಸಣ್ಣ ಹುಬ್ಬಳ್ಳಿಯೇ ಎದ್ದಿತು.

ಸಂಜೆಯ ಹೊತ್ತು ಶಿಬಿರದಲ್ಲಿ ಭಜನೆ. ಕೆಲಸದಲ್ಲಿ ಮಾತ್ರ ಹಾಡಿಗೆ ನಿಷೇಧ. ಬಾಯಿ ಹಾಡಿದರೆ ಕಾಲು ತಾನಾಗಿ ಹೆಜ್ಜೆ ಹಾಕುತ್ತದೆ, ಹೆಜ್ಜೆ ಕೂಡಿತೋ ಶೆಲ್ಲು ಬಿತ್ತು. ಗ್ಯಾಂಗಿನವರಿಗೆ ಇದು ಉಪವಾಸಕ್ಕಿಂತ ಕಷ್ಟದ ಶಿಕ್ಷೆ. ಹಾಡಿಲ್ಲದೆ ಅವರು ಹುಟ್ಟಿದ ಮೇಲೆ ಒಂದು ಹಳಿಯನ್ನೂ ಎತ್ತಿದವರಲ್ಲ. ಅದಕ್ಕೇ ಸಂಜೆಯ ಭಜನೆಯಲ್ಲಿ ಸೇಡು ತೀರಿಸಿಕೊಳ್ಳುತ್ತಿದ್ದರು. ದಾವಲಸಾಬ ತಾನೇ ಕಟ್ಟಿದ ಪದವೊಂದನ್ನು ಎತ್ತಿದರೆ ಉಳಿದವರು ಮುಗಿಬೀಳುತ್ತಿದ್ದರು:

ಹೊತ್ತು ಸಾಗೋ ಅಣ್ಣಾ, ಹೊರೆ ನಿಂದಲ್ಲೋ
ಇಳಿಸಿ ಹೋಗೋ ಅಣ್ಣಾ, ಊರು ನಿಂದಲ್ಲೋ

ಅವ್ವನಿಗೆ ಹಾಡೆಂದರೆ ಪ್ರಾಣ. ಆದರೆ ದೇವರು ಅವಳಿಗೆ ತಾಳ ಒಂದನ್ನು ಬಿಟ್ಟು ಎಲ್ಲವನ್ನೂ ಕೊಟ್ಟಿದ್ದ. ತಾಳದ ಬಟ್ಟಲು ಕೈಗೆ ಬಂದರೆ ಸಾಕು, ಬೀಳಬೇಕಾದಲ್ಲಿ ಬೀಳುವುದಿಲ್ಲ, ಬೀಳಬಾರದಲ್ಲಿ ಎರಡು ಬೀಳುತ್ತವೆ. ಒಂದು ಸಂಜೆ ಅವಳ ತಾಳಕ್ಕೆ ಹಾಡುವವರೆಲ್ಲ ಎಡವಿದರು. ದಾವಲಸಾಬ ಹಾಡು ನಿಲ್ಲಿಸಿ, ಎದ್ದು ಬಂದು, ಎಲ್ಲರೆದುರು ಅವಳ ಕೈಯಿಂದ ತಾಳ ಕಸಿದುಕೊಂಡ.

"ಕಲ್ಲವ್ವಕ್ಕಾ, ರೈಲ್ ಹೊಡಿ, ನಿನ್ ಕೈ ಮುಗಿತೀನಿ. ತಾಳ ಮಾತ್ರ ಹೊಡೀಬ್ಯಾಡ."

"ನಿಮ್ ತಬಲಾ ಜೋರ ಓಡಾಕತ್ತಿತ್ತೋ, ನನ್ನದೇನ ತಪ್ಪಿಲ್ಲ," ಎಂದಳು ಅವ್ವ.

"ಕುಣಿಲಾರದಾಕಿ ನೆಲ ಡೊಂಕು ಅಂದ್ಲಂತ!" ಎಂದ ದಾವಲಸಾಬ. ಎಲ್ಲರೂ ನಕ್ಕರು. ಅಪ್ಪನೂ ನಕ್ಕ, ನಾನೂ ನಕ್ಕೆ. ಅವ್ವ ಸೆರಗು ಕೊಡವಿ ಎದ್ದುಹೋದಳು. ಅವತ್ತು ಅವಳು ಊಟಕ್ಕೆ ಕೂರಲಿಲ್ಲ.

ಹಳಿ ಬಯಲಿನೊಳಗೆ ಬೆಳೆಯುತ್ತ ಹೋಯಿತು. ನೋಡುವುದೇ ಒಂದು ಹಬ್ಬ! ಮುಂದಿನ ತುಂಡನ್ನು ಹೊತ್ತ ನಾಲ್ವರು ಕುಡುಕರ ಹಾಗೆ ಬೇರೆ ಬೇರೆ ಹೆಜ್ಜೆ ಹಾಕುತ್ತ ಬರುವರು, ಮಲಗಿಸುವರು, ಕೊಕ್ಕೆ ಸಿಕ್ಕಿಸುವರು. ಮಧ್ಯಾಹ್ನ ಬಿಸಿಲುಗುದುರೆ ಎದ್ದು ಇಡೀ ಬಯಲು ನೀರಿನಂತೆ ನಡುಗುವಾಗಲೇ ಕೆಲಸ, ಯಾಕೆಂದರೆ ಆಗ ದೂರದಿಂದ ಯಾರ ಕಣ್ಣಿಗೂ ಏನೂ ಕಾಣುವುದಿಲ್ಲ. ಹಾಕಿದಷ್ಟು ಹಳಿಯ ಮೇಲೆ ಬಯಲಿನ ಬೀಜಗಳಿಗೆ ಕೇಳದಷ್ಟು ಹಗುರಾದ, ಕೈಯಿಂದ ದೂಡುವ ಟ್ರಾಲಿ ಬಿಟ್ಟು, ಸದ್ದನ್ನು ಹಿಡಿದು ಹಿಗ್ಗಿಸಿ, ನನ್ನ ಉಪ್ಪಿನ ಹಲಗೆಗೆ ಕೇಳಿಸಿ ನೋಡುತ್ತಿದ್ದೆವು. ಮುಳ್ಳು ಅಲ್ಲಾಡಲಿಲ್ಲ. ಕತ್ತೆಗಾಡಿ ಗೆದ್ದಿತು ಎಂದು ಮೇಜರ್ ಸೆರಾವೊ ನನ್ನ ಶೆಡ್ಡಿನಲ್ಲೇ ಒಂದು ಸುತ್ತು ಕುಣಿದರು.

ಕೊನೆಯ ಭಾಗ ಹಾಕುವಾಗ ಸೂರಬೇಟಿನಿಂದ ಸುದ್ದಿ ಬಂತು. ಅಲ್ಲಿ ಉಳಿದಿರುವ ನೀರು ಆಸ್ಪತ್ರೆಯ ಗಾಯಾಳುಗಳಿಗೂ ಸಾಲುವುದಿಲ್ಲ. ಗ್ಯಾಂಗಿನವರು ಜೀವ ತೇಯ್ದು ಹಳಿ ಮುಟ್ಟಿಸಿದರು. ಮರುದಿನ ಬೆಳಗ್ಗೆ ಅವಸರದಲ್ಲಿ ನಾನು ಆ ಭಾಗದ ಸದ್ದನ್ನು ಹಲಗೆಗೆ ಸ್ವಲ್ಪವೇ ಕೇಳಿಸಿದೆ. ಮುಳ್ಳು ಮಲಗಿತ್ತು. ಸರಿ ಎಂದೆ.

ಮಧ್ಯಾಹ್ನ ಬಿಸಿಲುಗುದುರೆ ಏಳುತ್ತಿದ್ದಂತೆ ಅವ್ವ ಹೊರಟಳು. ಹಿಂದೆ ನೀರಿನ ಟ್ಯಾಂಕುಗಳು, ರಕ್ತದ ಪೆಟ್ಟಿಗೆಗಳು, ಔಷಧ. ಎಂಜಿನ್ನು ಎಷ್ಟು ಪುಟ್ಟದೆಂದರೆ ಅವ್ವ ಅದರಲ್ಲಿ ಕೂತಿದ್ದಳೋ, ಅದನ್ನು ಉಟ್ಟಿದ್ದಳೋ ಹೇಳುವಂತಿರಲಿಲ್ಲ. ಹೊರಡುವ ಮುನ್ನ ನನ್ನ ಕೆನ್ನೆ ತಟ್ಟಿ, "ನೀಲಿ, ನಿಮ್ಮಪ್ಪಗ ಹೇಳ, ಸಂಜಿಗೆ ಬಿಸಿ ರೊಟ್ಟಿ ಬೇಕ ನನಗ" ಎಂದಳು. ದಾವಲಸಾಬನ ಕಡೆ ನೋಡಲೂ ಇಲ್ಲ.

ನನಗೆ ನನ್ನ ಶೆಡ್ಡಿನಲ್ಲಿ ಸುಮ್ಮನೆ ಕೂರಲಾಗಲಿಲ್ಲ. ಮೊದಲರ್ಧದ ಹಳಿ ಚೆನ್ನಾಗಿ ಪರೀಕ್ಷೆಯಾದದ್ದು, ಅಲ್ಲಿ ಭಯವಿಲ್ಲ. ಕೊನೆಯ ಭಾಗದ ಟ್ರಾಲಿಯ ಸದ್ದನ್ನು ಇನ್ನೊಮ್ಮೆ ಕೇಳೋಣವೆಂದು ಸಣ್ಣ ಸ್ಪೀಕರ್ ಪೆಟ್ಟಿಗೆಯಲ್ಲಿ ಹಾಕಿಕೊಂಡು ಅಪ್ಪನ ಅಡುಗೆಯ ಶೆಡ್ಡಿಗೆ ಹೋದೆ. ಅಪ್ಪ ಹಿಟ್ಟು ನಾದುತ್ತಿದ್ದ. ಪೆಟ್ಟಿಗೆಯನ್ನು ಒಲೆಯ ಪಕ್ಕ ಇಟ್ಟೆ. ಟಕ್, ಟಟಕ್, ಟಕ್ ಎಂದು ಅದು ತನ್ನ ಪಾಡಿಗೆ ಹೇಳಿಕೊಳ್ಳತೊಡಗಿತು.

"ಏನದು?"

"ಅವ್ವನ ಗಾಡಿ ಹೋಗೋ ಹಾದಿ ಅಪ್ಪಾ. ಸದ್ದು ಅಷ್ಟೇ, ಅರ್ಥ ಇಲ್ಲ."

ಅಪ್ಪ ತಲೆಯಾಡಿಸಿ ಕೊಣಮಿಗೆಯ ಮೇಲೆ ಹಿಟ್ಟು ಉದುರಿಸಿ ರೊಟ್ಟಿ ಬಡಿಯಲು ಶುರುಮಾಡಿದ. ನಾನು ಒಂದು ಈರುಳ್ಳಿ ಸುಲಿಯುತ್ತ ಕೂತೆ. ಎರಡು ರೊಟ್ಟಿ ತವೆಗೆ ಹೋದವು. ಮೂರನೆಯದನ್ನು ಬಡಿಯುವಾಗ ನನ್ನ ಕೈಯಿಂದ ಈರುಳ್ಳಿ ಜಾರಿತು. ಅಪ್ಪನ ಅಂಗೈ ಪೆಟ್ಟಿಗೆಯ ಸದ್ದಿನ ಜೊತೆಗೇ ಬೀಳುತ್ತಿತ್ತು. ಮೂರು ಪೆಟ್ಟು, ನಾಲ್ಕು ಪೆಟ್ಟು, ರೊಟ್ಟಿ ತಿರುಗಿಸು. ಮೂರು, ನಾಲ್ಕು, ತಿರುಗಿಸು. ಒಂದೂ ಹುಸಿ ಹೋಗುತ್ತಿರಲಿಲ್ಲ.

"ಅಪ್ಪಾ! ಏನ ಮಾಡಾಕತ್ತಿ?"

ಅಪ್ಪ ಬೆಚ್ಚಿದ. "ಏನಿಲ್ಲವ್ವ. ದಾವಲಸಾಬನ ಪದ ಅಲ್ಲೇನ ಇದು? ಏಳರ ತಾಳ. ಹೊತ್ತು ಸಾಗೋ ಅಣ್ಣಾ..."

ರೊಟ್ಟಿ ಬಡಿಯುವ ಕೈಗೆ ಸಿಕ್ಕ ತಾಳ ಬೀಜಗಳಿಗೆ ಸಿಗದೆ ಇರುತ್ತದೆಯೇ? ನಾನು ಎದ್ದು ಓಡಿದೆ. ಅಪ್ಪ ಹಿಟ್ಟಿನ ಕೈಯಲ್ಲೇ ನನ್ನ ಹಿಂದೆ ಓಡಿ ಬಂದ.

ಉಪ್ಪಿನ ಹಲಗೆಗೆ ಆ ಸದ್ದನ್ನು ಈ ಸಲ ಬಿಡದೆ ಕೇಳಿಸಿದೆ. ಪದದ ಒಂದು ಸುತ್ತಾಯಿತು, ಎರಡಾಯಿತು, ಮುಳ್ಳು ಮಲಗಿಯೇ ಇತ್ತು. ಬೆಳಗ್ಗೆ ನಾನು ಇಲ್ಲಿಗೇ ನಿಲ್ಲಿಸಿಬಿಟ್ಟಿದ್ದೆ. ಇನ್ನೂ ಕೆಲವು ಸುತ್ತು ಕಳೆಯುವಷ್ಟರಲ್ಲಿ ಬೀಜಗಳು ಪದವನ್ನು ಕಲಿತುಬಿಟ್ಟವು. ಮುಳ್ಳು ಎದ್ದು ಗೋಡೆಗೆ ಬಡಿಯುವಂತೆ ಕುಣಿಯಿತು.

ಮೇಜರ್ ಸೆರಾವೊ ದಾವಲಸಾಬನನ್ನು ಕರೆಸಿದರು. ಅವನು ಮುಳ್ಳನ್ನು ನೋಡಿದ, ಸದ್ದು ಕೇಳಿದ, ತಲೆಯ ರುಮಾಲು ಬಿಚ್ಚಿ ಕೈಗೆ ತೆಗೆದುಕೊಂಡ.

"ತುಂಡಿನ ಮ್ಯಾಲಿನ ನಂಬರ್ ನೋಡ್ಲಿಲ್ಲವ್ವ ಕೊನೀಕ. ಹೆಂಗೂ ಅಡ್ಡಾದಿಡ್ಡಿ ಹಾಕೂದಲ್ಲ, ನಿನ್ ಮಿಶಿನ್ನಿನ ಅಡ್ಡಾದಿಡ್ಡಿ ಏನ, ನಮ್ಮ ಅಡ್ಡಾದಿಡ್ಡಿ ಏನ ಅಂದ್ಕೊಂಡ್ವಿ. ಕೈಗೆ ಬಂದದ್ದ ಎತ್ತಿ ಹಾಕಿದ್ವಿ."

"ಕೈಗೆ ಬಂದದ್ದಲ್ಲ ದಾವಲಸಾಬ. ಮನಸ್ಸಿನ್ಯಾಗ ಪದ ಹಾಡ್ಕೊಂಡ ಹಾಕೀರಿ," ಎಂದ ಅಪ್ಪ.

ದಾವಲಸಾಬ ಸುಳ್ಳು ಹೇಳಲಿಲ್ಲ. "ಬಾಯಿ ಮುಚ್ಚು ಅಂದ್ರಿ, ಮುಚ್ಚಿದ್ವಿ. ಮನಸ್ಸು ಹೆಂಗ ಮುಚ್ಚೂದ್ರಿ ಸಾಹೇಬ್ರ?" ಹುಟ್ಟುಗುಣ ಸುಟ್ಟರೂ ಹೋಗದು. ಉದ್ದದ ಸ್ವರಕ್ಕೆ ಉದ್ದದ ತುಂಡು, ಗಿಡ್ಡದಕ್ಕೆ ಗಿಡ್ಡದ್ದು. ಹಾಡಬೇಡಿ ಎಂದ ಹಾಡನ್ನು ಅವರು ಕಬ್ಬಿಣದಲ್ಲಿ ಬರೆದು ಬಯಲಿನ ಮೇಲೆ ಮಲಗಿಸಿ ಬಂದಿದ್ದರು. ನನ್ನ ಅವ್ವ ಅದರ ಮೇಲೆ ಗಾಡಿ ಹೊಡೆಯಲು ಹೋಗಿದ್ದಳು.

ಹಳಿಯ ಕಬ್ಬಿಣದಲ್ಲೇ ದನಿ ಹರಿಯುವಂತೆ ಒಂದು ಫೋನು ಜೋಡಿಸಿದ್ದೆವು. ಕರೆದೆ. ಅವ್ವನ ದನಿ ಗಾಲಿಯ ಸದ್ದಿನೊಂದಿಗೆ ಬಂತು. ಆ ಸದ್ದನ್ನು ನೇರ ಹಲಗೆಗೂ ಬಿಟ್ಟೆ. ಬಯಲಿನ ಬೀಜಗಳು ಕೇಳುವುದನ್ನು ಈಗ ನನ್ನ ಬೀಜಗಳೂ ಕೇಳುತ್ತವೆ.

"ಅವ್ವಾ, ಎಲ್ಲಿದ್ದಿ?"

"ಹೊಸಾ ತುಂಡಿನ ಬಾಯಾಗ ಬಂದೀನಿ. ಯಾಕ?"

ಹೇಳಿದೆ. ನಿಲ್ಲಿಸುವಂತಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಉಪ್ಪಿನ ಪದರ ಓಡುವ ಭಾರವನ್ನು ಹೊರುತ್ತದೆ, ನಿಂತ ಭಾರವನ್ನು ಹೊರುವುದಿಲ್ಲ. ತುಂಬಿದ ಟ್ಯಾಂಕು ನಿಂತಲ್ಲೇ ಹೂತುಹೋಗುತ್ತದೆ. ಹಿಂದೆ ಬರಬೇಕಾದರೂ ಮೊದಲು ನಿಲ್ಲಬೇಕು.

"ವೇಗ ಹೆಚ್ಚು ಕಡಿಮೆ ಮಾಡಿ! ತಾಳ ಒಡೆಯಲಿ!" ಎಂದು ಮೇಜರ್ ಫೋನಿಗೆ ಕೂಗಿದರು. ನಾನು ಕಂಪ್ಯೂಟರಿನಿಂದ ಕಲಸಿದ ಅಂಕಿಗಳನ್ನು ತೆಗೆದು ಓದಿ ಹೇಳತೊಡಗಿದೆ. ಈಗ ಜೋರು, ಈಗ ಮೆಲ್ಲಗೆ, ಈಗ ಜೋರು.

"ನಿನ್ನ ಅಂಕಿ ಕೇಳೂದ್ರಾಗ ಕೀಲು ದಾಟಿ ಹೋಗಿರತೈತಿ ನೀಲಿ!" ಎಂದಳು ಅವ್ವ. ತಾನೇ ಹೆಚ್ಚು ಕಡಿಮೆ ಮಾಡಿ ನೋಡಿದಳು. ಆದರೆ ಅವಳ ಕೈ ವರ್ಷಗಟ್ಟಲೆ ಗೂಡ್ಸ್ ರೈಲನ್ನು ಒಂದಿನಿತೂ ಜಗ್ಗದಂತೆ ಓಡಿಸಿದ ಕೈ, ಅದು ಬೇಡವೆಂದರೂ ಸಮನಾಗುತ್ತಿತ್ತು. ಹಲಗೆಯ ಮೇಲೆ ಮುಳ್ಳು ಮೆಲ್ಲಗೆ ಏಳತೊಡಗಿತು. ಫೋನಿನಲ್ಲಿ ದೂರದ ಗುಡುಗಿನಂಥ ಸದ್ದು ಕೇಳಿತು.

"ಒಂದು ಬಿತ್ತು," ಎಂದಳು ಅವ್ವ. "ದೂರ ಬಿತ್ತು. ಎಡಕ್ಕ."

ಪಕ್ಕದಲ್ಲಿ ಅಪ್ಪ ಕಣ್ಣು ಮುಚ್ಚಿ ಗಾಲಿಯ ಸದ್ದು ಕೇಳುತ್ತಿದ್ದ, ಅವನ ಬೆರಳು ಮೇಜಿನ ಮೇಲೆ ತಾನಾಗಿ ಏಳರ ತಾಳ ಹಾಕುತ್ತಿತ್ತು. ನಾನು ಆ ಬೆರಳನ್ನು ಹಿಡಿದುಕೊಂಡೆ. ಅಪ್ಪ ಕಣ್ಣು ತೆರೆದು ಅಳುವ ದನಿಯಲ್ಲಿ ಹೇಳಿದ: "ಹಾಡಾಕ ಕುಂತ್ರ ಒಂದ ಪೆಟ್ಟೂ ಸರಿ ಬೀಳಂಗಿಲ್ಲ ಆಕಿದು. ಇವತ್ತ ನೋಡ, ಎಷ್ಟ ಸರಿಯಾಗಿ ಹೊಡ್ಯಾಕತ್ತಾಳ!"

ಹಾಡಲು ಕುಂತರೆ!

ನಾನು ಫೋನಿಗೆ ಕಿರುಚಿದೆ. "ಅವ್ವಾ, ಹಾಡು! ದಾವಲಸಾಬನ ಪದ ಹಾಡು! ಕೈಯಾಗಿನ ಹಿಡಿಕಿ ತಾಳ ಅಂತ ತಿಳ್ಕೊ. ತಾಳ ಹೊಡದಂಗ ಹಿಡಿಕಿ ಎಳಿ!"

"ಏನ, ಸಾಯೂ ಹೊತ್ತಿನ್ಯಾಗೂ ಚಾಷ್ಟಿ ಮಾಡ್ತಿರೇನ ನನಗ?"

"ಚಾಷ್ಟಿ ಅಲ್ಲವ್ವ! ನಿನ್ನಂಗ ತಾಳ ತಪ್ಪಾವ್ರು ಭೂಮಿ ಮ್ಯಾಲೆ ಯಾರೂ ಇಲ್ಲ! ಆ ಬೀಜಕ್ಕ ಅದು ತಿಳಿಯಂಗಿಲ್ಲ!"

"ನಾ ಹಾಡಂಗಿಲ್ಲ. ಎಲ್ಲಾರ ಮುಂದ ಕಸಗೊಂಡ್ರಲ್ಲ ಅವತ್ತ." ಇನ್ನೊಂದು ಗುಡುಗು, ಈ ಸಲ ಹತ್ತಿರ. ನನ್ನ ಅವ್ವ ಎಂಥ ಹಟಮಾರಿ ಎಂಬುದನ್ನು ಬೀಜಗಳೂ ಆ ಹೊತ್ತಿಗೆ ಕಲಿತಿರಬೇಕು.

ಆಗ ದಾವಲಸಾಬ ನನ್ನ ಕೈಯಿಂದ ಫೋನು ತೆಗೆದುಕೊಂಡ. "ಕಲ್ಲವ್ವಕ್ಕಾ, ತಪ್ಪಾತು. ನಿನ್ ಕಾಲಿಗೆ ಬೀಳ್ತೀನಿ. ಹಾಡವ್ವ. ಒಂದ ನುಡಿ ಹಾಡ. ನೆಲಾನ ಡೊಂಕೈತಿ, ನೀ ಅಂದದ್ದ ಖರೇ ಐತಿ."

ಆಮೇಲೆ ಅವ್ವ ಕೆಮ್ಮಿ ಗಂಟಲು ಸರಿಮಾಡಿಕೊಂಡಳು.

ಹೊತ್ತು ಸಾಗೋ ಅಣ್ಣಾ...

ಅಯ್ಯೋ, ಎಂಥ ಹಾಡು ಅದು! "ಹೊತ್ತು" ಎಂಬಲ್ಲೇ ಎರಡು ಸಲ ಎಳೆದಳು, "ಅಣ್ಣಾ" ಎಂಬುದನ್ನು ನುಂಗಿದಳು, "ಹೊರೆ" ಬರುವ ಮೊದಲೇ ಹಿಡಿಕೆ ಜಗ್ಗಿದಳು. ಗಾಡಿ ಎಡವಿತು, ಓಡಿತು, ಬಿಮ್ಮನೆ ನಡೆಯಿತು, ಮತ್ತೆ ಜಿಗಿಯಿತು. ಅಪ್ಪ ಮದುವೆಯಾದಾಗಿನಿಂದ ಅವಳ ಹಾಡಿಗೆ ಮುಖ ಹಿಂಡುತ್ತಿದ್ದವನು, ಈಗ ಮುಖದ ತುಂಬ ಕಣ್ಣೀರಿಳಿಸುತ್ತ "ಭೇಷ್! ಭೇಷ್ ಕಲ್ಲವ್ವ!" ಎನ್ನುತ್ತಿದ್ದ. ಮೇಜರ್ ಸೆರಾವೊ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಮುಳ್ಳನ್ನೇ ನೋಡುತ್ತಿದ್ದರು. ಮುಳ್ಳು ನಡುಗಿತು, ಅನುಮಾನಿಸಿತು, ಸ್ವಲ್ಪ ಇಳಿಯಿತು. ಎರಡನೆಯ ನುಡಿಯ ಹೊತ್ತಿಗೆ ಹಲಗೆಯ ಮೇಲೆ ಸುಮ್ಮನೆ ಮಲಗಿಬಿಟ್ಟಿತು.

ಅಷ್ಟರಲ್ಲಿ ಫೋನಿನೊಳಗೆ ಏನೋ ಸಿಡಿಯಿತು. ಹಾಡು ನಿಂತಿತು. ಗಾಲಿಯ ಸದ್ದೂ ನಿಂತಿತು. ಹಳಿ ಎಲ್ಲೋ ಕಡಿದಿತ್ತು.

ನಾವು ಹೊರಗೆ ಓಡಿದೆವು. ಬಿಸಿಲುಗುದುರೆಯ ಆಚೆ ಉಪ್ಪು ಬಿಳಿಯ ಕಾರಂಜಿಗಳಾಗಿ ಏಳುತ್ತಿತ್ತು. ಒಂದು, ಮತ್ತೊಂದು, ಮತ್ತೊಂದು, ಎಲ್ಲವೂ ಒಂದೇ ಸಾಲಿನಲ್ಲಿ. ಅವ್ವ ತಾಳಕ್ಕೆ ಸರಿಯಾಗಿ ಓಡಿದ್ದರೆ ಎಲ್ಲಿ ಇರುತ್ತಿದ್ದಳೋ ಅಲ್ಲಿಗೆ ಅವರು ಹೊಡೆಯುತ್ತಿದ್ದರು. ಆಮೇಲೆ ಫಿರಂಗಿಗಳು ನಿಂತವು. ಬೀಜಗಳು ಅವಳನ್ನು ಕಳೆದುಕೊಂಡಿದ್ದವು, ಇಲ್ಲವೇ ಕೇಳಲು ಅಲ್ಲಿ ಇನ್ನೇನೂ ಉಳಿದಿರಲಿಲ್ಲ. ಯಾವುದೆಂದು ಹೇಳುವವರು ಯಾರೂ ಇರಲಿಲ್ಲ.

ದಾವಲಸಾಬ ನೆಲದ ಮೇಲೆ ಕುಕ್ಕರಿಸಿದ. ಅಪ್ಪ ಅಡುಗೆಯ ಶೆಡ್ಡಿಗೆ ಹೋಗಿ ಒಲೆಯ ಮುಂದೆ ಕೂತ. "ಸಂಜಿಗೆ ಬಿಸಿ ರೊಟ್ಟಿ ಅಂದಾಳ ಆಕಿ" ಎಂದು ತನಗೇ ಹೇಳಿಕೊಂಡು ಬಡಿಯತೊಡಗಿದ. ನಾನು ಬಾಗಿಲಲ್ಲಿ ನಿಂತು ಕೇಳಿದೆ. ನನ್ನ ಅಪ್ಪನ ಕೈ ಜೀವನದಲ್ಲಿ ಮೊದಲ ಸಲ ತಾಳ ತಪ್ಪುತ್ತಿತ್ತು. ಮೂರರ ಬದಲು ಎರಡು, ನಾಲ್ಕರ ಬದಲು ಐದು. ರೊಟ್ಟಿ ಅಂಚಿನಲ್ಲಿ ಹರಿಯಿತು. ನನಗೆ ಅಳು ತಡೆಯಲಾಗಲಿಲ್ಲ.

ಹೊತ್ತು ಇಳಿಯಿತು, ಬಿಸಿಲುಗುದುರೆ ಕರಗಿತು. ಸೂರಬೇಟಿನ ದಿಬ್ಬ ಬಯಲಿನ ಕೊನೆಯಲ್ಲಿ ಸಣ್ಣ ಗುಬುಟಿನಂತೆ ಕಂಡಿತು. ಗಾಡಿ ಮುಟ್ಟಿದರೆ ಅಲ್ಲಿಯ ಸೈನಿಕರು ಇಳಿಬಿಸಿಲಿಗೆ ಕನ್ನಡಿ ಹಿಡಿದು ಸಮನಾಗಿ ಮೂರು ಸಲ ಮಿಂಚಿಸಬೇಕು ಎಂಬ ಒಪ್ಪಂದವಿತ್ತು. ಎಲ್ಲರೂ ಅತ್ತಲೇ ನೋಡುತ್ತ ನಿಂತೆವು.

ಮಿಂಚಿತು.

ಒಂದು ಸಲ. ಬಿಡುವು. ಆಮೇಲೆ ಪಟಪಟನೆ ಎರಡು. ಮತ್ತೆ ಉದ್ದದ ಬಿಡುವು. ಇನ್ನೊಂದು, ಅರ್ಧದಲ್ಲೇ ನಿಂತದ್ದು. ಮತ್ತೆರಡು.

"ಇದು ಎಂಥ ಸಂಕೇತ?" ಎಂದು ಮೇಜರ್ ಹಣೆ ಗಂಟಿಕ್ಕಿದರು. "ಮೂರು ಅಂತ ಹೇಳಿದ್ದಲ್ವಾ? ಶತ್ರುಗಳ ಮೋಸವೋ ಏನೋ!"

ಅಪ್ಪ ಹಿಟ್ಟಿನ ಕೈಗಳನ್ನು ಮೇಲೆತ್ತಿ ಕೇಕೆ ಹಾಕಿದ. "ಆಕೀನ! ನಮ್ಮಾಕೀನ! ಮೂರ ಪೆಟ್ಟ ಸರಿಯಾಗಿ ಹಾಕಾಕ ಬರಂಗಿಲ್ಲ ನನ್ ಕಲ್ಲವ್ವಗ!"

ಗ್ಯಾಂಗಿನವರೆಲ್ಲ ಹುಚ್ಚೆದ್ದು ಕುಣಿದರು. ಯಾರು ಯಾರನ್ನು ಅಪ್ಪಿಕೊಂಡರೋ ಗೊತ್ತಿಲ್ಲ, ಮೇಜರ್ ಸಾಹೇಬರ ಟೊಪ್ಪಿಗೆಯನ್ನು ಆಮೇಲೆ ನೀರಿನ ಹಂಡೆಯಿಂದ ತೆಗೆದೆವು.

ಅವ್ವ ದಾಟಿದ ಮೇಲೆ ಅವಳ ಹಿಂದೆ ಕಡಿದಿದ್ದ ಹಳಿಯನ್ನೂ ಕೊನೆಯ ಭಾಗವನ್ನೂ ಗ್ಯಾಂಗು ಮತ್ತೆ ಹಾಕಿತು. ಈ ಸಲ ದಾವಲಸಾಬ ತನ್ನ ಮನಸ್ಸನ್ನೂ ನಂಬಲಿಲ್ಲ, ನನ್ನ ಸಂಖ್ಯೆಗಳನ್ನೂ ನಂಬಲಿಲ್ಲ. ಪ್ರತಿ ತುಂಡಿಗೂ ಕವಡೆ ಎಸೆದು, ಅದು ಹೇಳಿದ್ದನ್ನೇ ಹಾಕಿಸಿದ. ಅದರ ಮೇಲೆ ಅವ್ವ ಖಾಲಿ ಟ್ಯಾಂಕುಗಳ ಜೊತೆಗೆ ಗಾಯಾಳುಗಳನ್ನು ಮಲಗಿಸಿಕೊಂಡು, ಹಾಡಿಕೊಂಡೇ ಮರಳಿ ಬಂದಳು. ಗಾಯಾಳುಗಳಲ್ಲಿ ಒಬ್ಬ ಕಿವಿಗೆ ಹತ್ತಿ ತುರುಕಿಕೊಂಡಿದ್ದ.

ಒಂದೇ ಹಳಿಯ ಮೇಲೆ ದಿನವೂ ಸಮನಾಗಿ ಓಡಿದರೆ ಕವಡೆಯ ಗೊಂದಲವನ್ನೂ ಬೀಜಗಳು ಕಲಿತುಬಿಡುತ್ತವೆ. ಸುಮ್ಮನಿರುವುದು ಮೇಜರ್ ಸಾಹೇಬರ ಜಾಯಮಾನವಲ್ಲ. ಅವ್ವನ ಕೈಯ ಚಲನೆಯನ್ನು ಯಂತ್ರದಲ್ಲಿ ಹಿಡಿದಿಟ್ಟು ಬೇರೆ ಚಾಲಕರಿಗೆ ಕೊಡೋಣ ಎಂದರು. ಹಲಗೆಯ ಮೇಲೆ ಪರೀಕ್ಷಿಸಿದೆ. ಮೊದಲ ಸಲ ಮುಳ್ಳು ಮಲಗಿತ್ತು, ಅದನ್ನೇ ಮತ್ತೆ ಮತ್ತೆ ಕೇಳಿಸಿದಾಗ ಎದ್ದಿತು. ಎಷ್ಟೇ ಕೆಟ್ಟ ಹಾಡಾದರೂ ಮರಳಿ ಬಂದರೆ ಅದೂ ಲಯವೇ. ಬೇರೆ ಚಾಲಕರನ್ನು ಹಾಡಿಸಿ ನೋಡಿದೆವು, ಪುಣ್ಯಾತ್ಮರು ಒಬ್ಬರಾದರೂ ತಪ್ಪಬೇಡವೇ? ಪ್ರತಿ ಸಲವೂ ಹೊಸದಾಗಿ ತಪ್ಪುವ ವಿದ್ಯೆ ಅವ್ವನಿಗೆ ಮಾತ್ರ ಇತ್ತು. ಸೂರಬೇಟಿಗೆ ನೀರು ದಿನವೂ ಬೇಕಿತ್ತು.

ಅದು ಖಚಿತವಾದ ದಿನದ ಸಂಜೆ ಭಜನೆಗೆ ಎಲ್ಲರೂ ಸೇರಿದರು. ಅವ್ವ ಬಿಸಿ ರೊಟ್ಟಿ ಮುಗಿಸಿ ಬಂದು ಹಿಂದೆ ಒಂದು ಕಡೆ ಕೂತಳು. ದಾವಲಸಾಬ ಎದ್ದ. ತಾಳದ ಬಟ್ಟಲುಗಳನ್ನು ತನ್ನ ರುಮಾಲಿನಲ್ಲಿ ಒರೆಸಿ, ಎಲ್ಲರೆದುರು ಅವಳ ಮುಂದೆ ಮಂಡಿಯೂರಿ, ಎರಡೂ ಕೈಯಲ್ಲಿ ಹಿಡಿದ.

"ತಗೊ ಅಕ್ಕಾ. ಹೆಂಗ ಬೇಕಾದ್ರೂ ಹೊಡಿ. ನಿನ್ನ ಹಿಂದ ನಾವ ಬರ್ತೀವಿ."

ಅವ್ವನ ಕಣ್ಣು ತುಂಬಿತು. ಕೈ ಮುಂದೆ ಬಂತು, ಬೆರಳು ತಾಳದ ದಾರವನ್ನು ಮುಟ್ಟಿತು. ಅವಳಿಗೆ ಅದು ಎಷ್ಟು ಬೇಕಿತ್ತು ಎಂಬುದು ನನಗೆ ಗೊತ್ತು. ಆದರೆ ಅವಳು ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಸೆರಗಿನಲ್ಲಿ ಮುಚ್ಚಿಕೊಂಡಳು.

"ಬ್ಯಾಡೋ ದಾವಲಸಾಬ. ಯುದ್ಧ ಮುಗೀಲಿ," ಎಂದಳು. "ನಿಮ್ ಜೋಡಿ ಕುಂತು ಅಪ್ಪಿತಪ್ಪಿ ತಾಳ ಕಲತ್‌ಬಿಟ್ರ, ನಾಳೆ ಗಾಡಿ ಹೊಡ್ಯಾವ್ರು ಯಾರ?"